ಏಣಿಯಿಂದ ಬೀಳದ ಪೇಂಟರಣ್ಣ

ಪೇಂಟರಣ್ಣ ಏಣಿಯಿಂದ ಬಿದ್ದನಂತೆ ಅನ್ನುವ ಸುದ್ದಿ ಸಂಜೆಯೊಳಗೆ ಬೀದಿಯೆಲ್ಲ ಸುತ್ತಿ ಬಂತು. ಅದನ್ನು ಹಬ್ಬಿಸಿದವನು ಅವನೇ. ಅದು ಶುದ್ಧ ಸುಳ್ಳು.

ಆದದ್ದು ಇಷ್ಟು. ನಿವೃತ್ತ ಮೇಷ್ಟ್ರ ಮನೆಯ ಕಾಂಪೌಂಡಿಗೆ ಅವನು ರಸ್ತೆಯ ಕಡೆ ಕುಕ್ಕರಗಾಲಲ್ಲಿ ಕೂತು ಬಣ್ಣ ಹಚ್ಚುತ್ತಿದ್ದ. ಮೇಷ್ಟ್ರು ಕಾರನ್ನು ಹಿಂದಕ್ಕೆ ತೆಗೆದರು. ಕಾರು ಅವನನ್ನು ಗೋಡೆಗೆ ಒತ್ತಿಬಿಟ್ಟಿತು. ಮೇಷ್ಟ್ರೇ ಆಸ್ಪತ್ರೆಗೆ ಕರೆದುಕೊಂಡು ಹೋದರು. "ಏನಾಯ್ತಪ್ಪ?" ಎಂದು ಡಾಕ್ಟರು ಕೇಳಿದರು. ಪೇಂಟರಣ್ಣ ಮೇಷ್ಟ್ರ ಬಿಳಿಚಿದ ಮುಖ ನೋಡಿದ. "ಏಣಿಯಿಂದ ಬಿದ್ದೆ ಸಾರ್" ಎಂದುಬಿಟ್ಟ. ಡಾಕ್ಟರು ಹಾಗೇ ಬರೆದುಕೊಂಡರು.

ಬಲ ಭುಜದ ಮೂಳೆ ಸರಿಯಾಗಿ ಕೂಡಲಿಲ್ಲ. ಆಪರೇಷನ್ ಆಗದಿದ್ದರೆ ಕೈ ತಲೆಯಿಂದ ಮೇಲಕ್ಕೆ ಏಳುವುದಿಲ್ಲ ಎಂದರು ಡಾಕ್ಟರು. ಕೈ ಏಳದ ಪೇಂಟರ್ ಸೂರಿಗೆ ಬಣ್ಣ ಹಚ್ಚುವುದು ಹೇಗೆ? ಸಾಲದ್ದಕ್ಕೆ, ಗಾಯದ ಮೇಲೆ ಬರೆ ಎಳೆದ ಹಾಗೆ, ಕೆಲಸ ಕೊಡುತ್ತಿದ್ದ ಕಂಟ್ರಾಕ್ಟರ್ ಕೂಡ ಕೈಬಿಟ್ಟ. "ಏಣಿ ಮೇಲೆ ನಿಲ್ಲೋಕೆ ಬಾರದವನನ್ನ ಮೂರನೇ ಮಹಡಿಗೆ ಹೆಂಗಯ್ಯ ಹತ್ತಿಸಲಿ?" ಎಂದ. ಭುಜದ ನೋವಿಗಿಂತ ಆ ಮಾತು ಹೆಚ್ಚು ನೋಯಿಸಿತು.

ನೋಡಲು ಅವನ ಅಕ್ಕ ಬಂದಳು. ಅಪಘಾತದ ಪರಿಹಾರ ಕೇಳುವವರಿಗೆ ಉಚಿತ ಕಾನೂನು ನೆರವು ಕೊಡುವ ಕಚೇರಿಯಲ್ಲಿ ಅವಳಿಗೆ ಕೆಲಸ.

"ನೀನು ಏಣಿಯಿಂದ ಬೀಳೋದಾ? ಬೆಕ್ಕು ಬಿತ್ತು ಅಂದ್ರೂ ನಂಬ್ತೀನಿ. ನಿಜ ಬೊಗಳು."

ಪೇಂಟರಣ್ಣ ಬಾಯಿಬಿಟ್ಟ. ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದೇ ಓಡಿ ಬಂದಳು. "ನನಗೂ ಹೇಳಲಿಲ್ವಲ್ಲರೀ!"

"ಏನಂತ ಹೇಳಲಿ? ನಮ್ಮ ಮಕ್ಕಳಿಗೆ ಅಕ್ಷರ ಕಲಿಸಿದೋರು. ಪಿಂಚಣೀಲಿ ಬದುಕ್ತಿದಾರೆ. ಅವರ ಹೊಟ್ಟೆ ಮೇಲೆ ಹೊಡೀಲಾ?"

"ದಾಕ್ಷಿಣ್ಯಕ್ಕೆ ಬಸಿರಾದೆ. ಈಗ ಹೆರೋರು ಯಾರು?" ಎಂದಳು ಅಕ್ಕ. ಹೆಂಡತಿ ಸಿಟ್ಟಿನಲ್ಲೂ ನಕ್ಕುಬಿಟ್ಟಳು. ಅಕ್ಕ ಮಾತು ಮುಂದುವರಿಸಿದಳು: "ಅವರ ಜೇಬಿಗೆ ಯಾಕೋ ಕೈ ಹಾಕ್ತೀಯ? ವರ್ಷಾ ವರ್ಷಾ ಕಾರಿಗೆ ವಿಮೆ ಕಟ್ತಾರಲ್ಲ, ಅದು ಇದಕ್ಕೇ. ವಿಮೆ ಚಾಲ್ತಿಯಲ್ಲಿದ್ದು ಲೈಸೆನ್ಸ್ ಸರಿ ಇದ್ರೆ, ಪರಿಹಾರ ಕೊಡೋದು ಕಂಪನಿ. ಆಸ್ಪತ್ರೆ ಖರ್ಚು ಕೇಳಬಹುದು. ತಪ್ಪಿದ ಕೂಲಿ ಕೇಳಬಹುದು. ಕೈಗೆ ಊನ ಉಳಿದ್ರೆ ಅದಕ್ಕೂ ಕೇಳಬಹುದು."

"ಹಂಗಾದ್ರೆ ಕೇಳೇಬಿಡೋಣ" ಎಂದ ಪೇಂಟರಣ್ಣ.

"ಈಗ ಕೇಳಿದ್ರೆ, ಹೋಗಿ ಏಣಿಯನ್ನೇ ಕೇಳು ಅಂತಾರೆ! ಆಸ್ಪತ್ರೆ ಚೀಟೀಲಿ ಕಾರಿನ ಸುದ್ದಿಯೇ ಇಲ್ಲ."

ಪೇಂಟರಣ್ಣನ ಮುಖ ಇಳಿದುಹೋಯಿತು. "ಮುಗೀತಾ ಅಕ್ಕ?"

"ಕಷ್ಟ ಆಯ್ತು, ಮುಗಿದಿಲ್ಲ. ಏಳು, ಮೇಷ್ಟ್ರ ಹತ್ರ ಹೋಗೋಣ."

ಮೇಷ್ಟ್ರು ಬಾಗಿಲು ತೆಗೆದವರೇ ಅಕ್ಕನ ಮಾತು ಕೇಳಿ ಬೆವೆತರು. "ನನಗೆ ಜೈಲಾಗುತ್ತೇನಮ್ಮ?"

"ಕೇಸು ಆಗಲ್ಲ ಅಂತ ಸುಳ್ಳು ಹೇಳಲ್ಲ ಸಾರ್. ಆದ್ರೆ ನೀವು ಬಿಟ್ಟು ಓಡಿಹೋಗಲಿಲ್ಲ, ನೀವೇ ಆಸ್ಪತ್ರೆಗೆ ಸೇರಿಸಿದ್ರಿ. ಅದನ್ನೂ ಹೇಳಿ, ಆದದ್ದನ್ನೂ ಹೇಳಿ. ಇವನ ಕೈ ಉಳೀಬೇಕು."

ಪೇಂಟರಣ್ಣನ ಕೈಯನ್ನು ಕೊರಳಿಗೆ ಜೋತುಹಾಕಿದ್ದ ಪಟ್ಟಿಯನ್ನು ಮೇಷ್ಟ್ರು ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡರು. "ನಡೀರಿ ಸ್ಟೇಷನ್ನಿಗೆ. ನಡ್ಕೊಂಡೇ ಹೋಗೋಣ. ಕಾರು ಮಾತ್ರ ಬೇಡ."

ದೂರು ದಾಖಲಾಯಿತು. ಎದುರಿನ ಬೇಕರಿಯ ಕ್ಯಾಮೆರಾದಲ್ಲಿ ಕಾರು ಹಿಂದಕ್ಕೆ ಬಂದದ್ದು ಉಳಿದಿತ್ತು. ಡಾಕ್ಟರು ಗದರಿದರು, ಆದರೂ ಹೊಸ ಹೇಳಿಕೆಯನ್ನು ಬರೆದು ಸೇರಿಸಿದರು. ಅಕ್ಕ ಕೊಟ್ಟ ಕೈಗಡದಲ್ಲಿ ಆಪರೇಷನ್ ಆಯಿತು. ವಿಮೆ ಕಂಪನಿಯವರು ಮೊದಲು ಏಣಿಯ ಕಥೆಯನ್ನೇ ಹಿಡಿದು ಜಗ್ಗಿದರು. ತಿಂಗಳುಗಟ್ಟಲೆ ಓಡಾಟವಾಯಿತು. ಆ ಒಂದು ಸುಳ್ಳು ಇಲ್ಲದಿದ್ದರೆ ಇಷ್ಟು ಸುತ್ತಬೇಕಿರಲಿಲ್ಲ. ಕೊನೆಗೆ ಪರಿಹಾರ ಬಂತು. ಕೈಗಡ ತೀರಿತು, ಮನೆಯಲ್ಲಿ ಒಲೆ ಆರಲಿಲ್ಲ. ಪೇಂಟರಣ್ಣ ಬ್ರಷ್ಷು ಹಿಡಿದು ಸೂರಿನ ಕಡೆಗೆ ಕೈ ಎತ್ತಿದ ದಿನ ಹೆಂಡತಿ ಅಳುತ್ತಲೇ ನಕ್ಕಳು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮಗೂ ಒಂದು ಮಾತು. ವಾಹನದಿಂದ ಪೆಟ್ಟಾದರೆ ಅದರ ನಂಬರು ಬರೆದಿಟ್ಟುಕೊಳ್ಳಿ, ನೋಡಿದವರನ್ನು ಗುರುತಿಟ್ಟುಕೊಳ್ಳಿ. ತಡಮಾಡದೆ ಪೊಲೀಸರಿಗೆ ತಿಳಿಸಿ. ಆಸ್ಪತ್ರೆಯ ಒಂದು ಚೀಟಿಯನ್ನೂ ಬಿಸಾಡಬೇಡಿ. "ರಾಜಿ ಮಾಡ್ಕೊಳ್ಳೋಣ" ಎಂದು ಯಾರಾದರೂ ಖಾಲಿ ಹಾಳೆ ತಂದರೆ ಸಹಿ ಹಾಕಬೇಡಿ. ದಾರಿ ತಿಳಿಯದಿದ್ದರೆ ಉಚಿತ ಕಾನೂನು ನೆರವಿನ ಕಚೇರಿಯ ಬಾಗಿಲು ತಟ್ಟಿ. ಪರಿಹಾರ ಭಿಕ್ಷೆಯಲ್ಲ, ನಿಮ್ಮ ಹಕ್ಕು. ಎಲ್ಲಕ್ಕಿಂತ ಮೊದಲು, ಡಾಕ್ಟರು ಏನಾಯಿತೆಂದು ಕೇಳಿದಾಗ ಯಾರ ಮುಖವನ್ನೂ ನೋಡದೆ ಆದದ್ದನ್ನೇ ಹೇಳಿ.