ಅರ್ಜಿಯ ಏಳನೇ ಸಾಲು

ಮುದ್ದೆ ಕೋಲು ಹಿಡಿದಿದ್ದ ಅನಸೂಯಮ್ಮನ ಕೈ ಹಾಗೇ ನಿಂತುಬಿಟ್ಟಿತು.

"ಇನ್ನೊಂದ್ಸಲ ಓದಮ್ಮಾ, ಆ ಏಳನೇದು."

ಸೊಸೆ ಶ್ವೇತ ಒಂದು ಕೈಯಲ್ಲಿ ಮಗಳ ಜಡೆ, ಇನ್ನೊಂದರಲ್ಲಿ ಅರ್ಜಿಯ ಪ್ರತಿ ಹಿಡಿದುಕೊಂಡಿದ್ದಳು. ಕೋಲಾರದ ಹೊರಗೆ ಎದ್ದಿರುವ ಹೊಸ ವಿಶ್ವವಿದ್ಯಾಲಯದಲ್ಲಿ ಅವಳು ನಾಲ್ಕು ವರ್ಷದಿಂದ ಅತಿಥಿ ಉಪನ್ಯಾಸಕಿ. ಹೇಳಿಕೊಡುವುದು ಸಿಸ್ಟಮ್ಸ್ ಎಂಜಿನಿಯರಿಂಗ್, ಅಂದರೆ ಹತ್ತಾರು ಭಾಗಗಳ ದೊಡ್ಡ ಕೆಲಸ ಒಂದಕ್ಕೊಂದು ಹೊಂದಿ ನಡೆಯುವಂತೆ ಮಾಡುವ ವಿದ್ಯೆ. ಜೂನ್ ಕಳೆದರೆ ಅತಿಥಿಗಳಿಗೆಲ್ಲ ಕೈಮುಗಿದು ಕಳಿಸಿ, ಒಂದೇ ಒಂದು ಕಾಯಂ ಹುದ್ದೆ ತುಂಬುತ್ತಾರೆ. ಅರ್ಜಿ ಹಾಕಿದವರು ಒಂಬತ್ತು ಜನ. ಸಂದರ್ಶನ ಇವತ್ತೇ, ಹನ್ನೊಂದು ಗಂಟೆಗೆ. ಅರ್ಜಿ ಕಳಿಸಿ ತಿಂಗಳಾಗಿದ್ದರೂ ಅದರಲ್ಲೇನಿದೆ ಎಂದು ಅತ್ತೆಗೆ ಓದಿ ಹೇಳದೆ ಹೊರಡುವ ಹಾಗಿರಲಿಲ್ಲ.

ಅರ್ಜಿ ಇಂಗ್ಲಿಷಿನಲ್ಲಿತ್ತು, ಶ್ವೇತ ಕನ್ನಡದಲ್ಲಿ ಹೇಳುತ್ತಿದ್ದಳು. ವಿದ್ಯಾಭ್ಯಾಸ ಮತ್ತು ವೃತ್ತಿಯ ಹಿನ್ನೆಲೆ. ಬಿ.ಇ., ಎಂ.ಟೆಕ್., ಮಾಲೂರಿನ ಕಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ಎರಡು ವರ್ಷ. ಆಮೇಲೆ ಏಳನೇ ಸಾಲು.

"ಆರು ವರ್ಷ, ಮನೆಗೆಲಸ."

"ಮನೆಗೆಲಸಾನಾ? ನೀನಾ?" ಅನಸೂಯಮ್ಮ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಈಚೆ ತಿರುಗಿದರು. "ಆ ಆರು ವರ್ಷ ಈ ಒಲೆ ಮುಂದೆ ಬೆಂದೋಳು ನಾನು. ನೀನ್ಯಾವತ್ತಮ್ಮಾ ಮುದ್ದೆ ತಿರುವಿದ್ದು? ತಿರುವಿದ್ರೆ ಗಂಟು, ಗಂಟಿಲ್ದಿದ್ರೆ ಹಸಿ."

"ಅತ್ತೆ, ಅಲ್ಲಿ ಏನಾದ್ರೂ ಬರೀಬೇಕಲ್ವಾ? ಖಾಲಿ ಬಿಟ್ರೆ ತಪ್ಪು ತಿಳ್ಕೋತಾರೆ."

"ಅದಕ್ಕೆ ನನ್ನ ಕೆಲಸ ಕದ್ದು ಬರ್ಕೊಂಡ್ಯಾ? ಮಂಡೀಲಿದ್ದೆ ಅಂತ ಬರಿಯೋಕೇನು ನಾಚಿಕೆ?"

ಮಗಳು ಕಿಸಕ್ಕನೆ ನಕ್ಕಳು. ಶ್ವೇತ ರಿಬ್ಬನ್ನು ಬಿಗಿಯಾಗಿ ಕಟ್ಟಿದಳು. ಅತ್ತೆ ಹೇಳಿದ್ದು ನಿಜ. ಮಾವ ಮುನಿರಾಮಪ್ಪನವರು ಬಿದ್ದು ಸೊಂಟ ಮುರಿದುಕೊಂಡಾಗ ಶ್ರೀನಿವಾಸಪುರದ ಮಾವಿನ ಮಂಡಿಗೆ ದಿಕ್ಕಿರಲಿಲ್ಲ. ಗಂಡ ಉಮೇಶ್ ಮುಳಬಾಗಿಲಿನಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರು, ರಜ ಸಿಗುವುದೇ ಕಷ್ಟ. ಮಾಲೂರಿನ ಕೆಲಸ ಬಿಟ್ಟು ಬಂದು ಮಂಡಿಯ ಕುರ್ಚಿಯಲ್ಲಿ ಕೂತವಳು ಶ್ವೇತ. ಆದರೆ ವಿಭಾಗದಲ್ಲಿ ಎಂಥೆಂಥವರಿದ್ದಾರೆ! ಮುಖ್ಯಸ್ಥ ವೇಣುಗೋಪಾಲ್ ಹದಿನೆಂಟು ವರ್ಷ ರಾಕೆಟ್ ಕೆಲಸ ಮಾಡಿದವರು. ಅಮರನಾಥ್ ರೈಲ್ವೆ ಸಿಗ್ನಲ್ಲಿನಲ್ಲಿ ತಲೆಕೂದಲು ಬೆಳ್ಳಗೆ ಮಾಡಿಕೊಂಡವರು. ಅವರ ರಾಕೆಟ್ಟು, ಇವರ ರೈಲು, ನಡುವೆ ತನ್ನ ಮಾವಿನಕಾಯಿ ಟ್ರ್ಯಾಕ್ಟರನ್ನು ಎಲ್ಲಿ ನಿಲ್ಲಿಸುವುದು ಎಂದು ನಾಲ್ಕು ವರ್ಷವೂ ಅವಳು ಬಾಯಿಬಿಟ್ಟಿರಲಿಲ್ಲ.

ಕೋಲಾರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೂ ಹೊರಗೇನೂ ಕಾಣಲಿಲ್ಲ. ಅರ್ಜಿ ಕಳಿಸಿಯಾಗಿತ್ತು. ಈಗ ತಿದ್ದಲು ಹೋದರೆ ಇದ್ದ ಅವಕಾಶವೂ ಹೋದೀತು. ತಿದ್ದದಿದ್ದರೆ ಮನೆಗೆ ಹೋಗಿ ಅತ್ತೆಯ ಮುಖ ನೋಡಬೇಕು.

ಅವಳಿಗೆ ಕರೆ ಬಂದಾಗ ಒಳಗೆ ವೇಣುಗೋಪಾಲ್, ಅಮರನಾಥ್ ಇಬ್ಬರೇ ಇದ್ದರು. ವೇಣುಗೋಪಾಲ್ ಕನ್ನಡಕ ಮೇಲೇರಿಸಿ ಅರ್ಜಿಯ ಮೇಲೆ ಬೆರಳಾಡಿಸಿದರು. ಬೆರಳು ಬಂದು ನಿಂತದ್ದು ಏಳನೇ ಸಾಲಿನ ಮೇಲೆಯೇ.

"ಬಾಕಿ ಎಲ್ಲ ಚೆನ್ನಾಗಿದೆ ಮೇಡಂ. ಈ ಆರು ವರ್ಷ ಮನೆಗೆಲಸ..."

"ಆ ಸಾಲು ಸುಳ್ಳು ಸರ್."

ಅಮರನಾಥ್ ತಲೆ ಎತ್ತಿದರು.

"ಮನೆಗೆಲಸ ಮಾಡಿದ್ದು ನಮ್ಮತ್ತೆ. ಬೆಳಿಗ್ಗೆ ಅದಕ್ಕೇ ಜಗಳ ಆಗಿದೆ. ನಾನು ಮಾವಿನ ಮಂಡಿ ನಡೆಸ್ತಿದ್ದೆ."

ಹೇಳಿದ ಮೇಲೆ ಇನ್ನು ಮುಚ್ಚಿಡುವುದೇನು? ಶ್ವೇತ ಸೆರಗು ಸರಿಮಾಡಿಕೊಂಡು ಶುರುಮಾಡಿದಳು. "ಬೈರಕೂರಿಂದ, ಸುತ್ತಮುತ್ತಿಂದ ಎಲ್ಲ ಟ್ರ್ಯಾಕ್ಟರೂ ಬೆಳಿಗ್ಗೆ ಆರಕ್ಕೇ ಬಂದು ನಿಲ್ತಿದ್ವು. ಹಿಂದೆ ಉಳಿದ ಕಾಯಿ ಬಿಸಿಲಲ್ಲಿ ಬೆಂದು ಹೋಗೋದು. ಮೊದಲ ವರ್ಷ ನಾನು ಓದಿದ್ದೆಲ್ಲ ತಂದು ಸುರಿದೆ. ಯಾರು ಎಷ್ಟು ಗಂಟೆಗೆ ಬರ್ಬೇಕು ಅಂತ ಹಿಂದಿನ ಸಂಜೇನೇ ಟೋಕನ್ ಕೊಟ್ಟೆ."

"ಸರಿಯಾಗೇ ಇದೆಯಲ್ಲ?" ಅಂದರು ಅಮರನಾಥ್.

"ಬಚ್ಚಪ್ಪ ಅಂತ ಒಬ್ಬ ರೈತರು ಸರ್. ತಮ್ಮ ಹೆಸರಲ್ಲೊಂದು, ಹೆಂಡತಿ ಹೆಸರಲ್ಲೊಂದು, ಬೀಗರ ಹೆಸರಲ್ಲೊಂದು, ಒಟ್ಟು ಹದಿಮೂರು ಟೋಕನ್ ತಗೊಂಡ್ರು. ಬಂದಿದ್ದು ಒಂದೇ ಟ್ರ್ಯಾಕ್ಟರು. ಹದಿಮೂರನೇದು ಅವರ ಎತ್ತಿಂದು. ನಾವು ಮೈಕಲ್ಲಿ ಬಸವರಾಜು, ಬಸವರಾಜು ಅಂತ ಕೂಗಿದ್ದೇ ಕೂಗಿದ್ದು."

ಅಮರನಾಥ್ ಕೆಮ್ಮುವವರಂತೆ ಬಾಯಿಗೆ ಕರವಸ್ತ್ರ ಹಿಡಿದರು.

"ಎರಡನೇ ವರ್ಷ, ಮೊದಲು ಕಿತ್ತ ಕಾಯಿ ಮೊದಲು ಇಳೀಲಿ ಅಂತ ಮಾಡಿದೆ. ಯಾವಾಗ ಕಿತ್ತಿದ್ದು ಅಂದ್ರೆ ಎಲ್ರೂ ನೆನ್ನೆ ಮಧ್ಯಾಹ್ನಾನೇ ಅನ್ನೋರು. ಆಗ ನಮ್ಮ ತೂಕದ ಚನ್ನರಾಯಪ್ಪನವರು ಒಂದು ಕಾಯಿ ಎತ್ತಿ ತೊಟ್ಟು ಮುರಿದು ತೋರಿಸಿದ್ರು. ಆಗತಾನೇ ಕಿತ್ತಿದ್ರೆ ಸೊನೆ ಚಿಮ್ಮುತ್ತೆ. ನೆನ್ನೇದಾದ್ರೆ ತೊಟ್ಟು ಒಣಗಿರುತ್ತೆ. ಸೊನೆ ಇದ್ದಿದ್ದು ಹುಣಸೆಮರದ ನೆರಳಿಗೆ, ಒಣಗಿದ್ದು ನೇರ ತೂಕಕ್ಕೆ. ಮಧ್ಯಾಹ್ನದೊಳಗೆ ಅಂಗಳ ಖಾಲಿ."

ವೇಣುಗೋಪಾಲ್ ನಗಲಿಲ್ಲ. "ಮೊದಲ ವರ್ಷವೇ ಯಾಕೆ ಹೊಳೀಲಿಲ್ಲ ನಿಮಗೆ?"

"ಚನ್ನರಾಯಪ್ಪನವರನ್ನ ಕೇಳಿರಲಿಲ್ಲ ಸರ್."

ವೇಣುಗೋಪಾಲ್ ಅರ್ಜಿಯನ್ನು ಅವಳ ಕಡೆ ತಳ್ಳಿ, ಮೇಲೆ ತಮ್ಮ ಪೆನ್ನಿಟ್ಟರು. "ಆ ಸಾಲು ಹೊಡೆದು ಸರಿಯಾದದ್ದು ಬರೆದು ಸಹಿ ಹಾಕಿ. ಸುಳ್ಳು ಅರ್ಜಿಗೆ ಅಂಕ ಕೊಡೋಕಾಗಲ್ಲ."

ಹದಿನೈದು ದಿನಕ್ಕೆ ನೇಮಕದ ಆದೇಶ ಬಂತು. ಮರುವಾರ ವಿಭಾಗದ ಜಾಲತಾಣದಲ್ಲಿ ಅಧ್ಯಾಪಕರ ಪರಿಚಯ ಹಾಕಿದರು. ಉಮೇಶ್ ಫೋನು ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತು ಓದಿದ: ವೇಣುಗೋಪಾಲ್, ರಾಕೆಟ್ ವಿನ್ಯಾಸ, ಹದಿನೆಂಟು ವರ್ಷ. ಅಮರನಾಥ್, ರೈಲ್ವೆ ಸಿಗ್ನಲ್, ಇಪ್ಪತ್ತೆರಡು ವರ್ಷ. ಶ್ವೇತ, ಮಾವಿನ ಮಂಡಿ ನಿರ್ವಹಣೆ, ಆರು ವರ್ಷ.

"ಮನೆಗೆಲಸ ಅಂತ ಎಲ್ಲೂ ಇಲ್ವಾ?"

"ಇಲ್ಲಮ್ಮ."

ಅನಸೂಯಮ್ಮ ಇನ್ನೊಂದು ಸಲ ಓದಿಸಿದರು. ಆಮೇಲೆ ಮುದ್ದೆ ಕೋಲನ್ನು ಸೊಸೆಯ ಕೈಗಿಟ್ಟು ಮಣೆ ಎಳೆದುಕೊಂಡು ಕೂತರು. "ಪೋನೀಲೇ, ಹೋಗ್ಲಿ ಬಿಡು. ಬಾ, ಇವತ್ತಿಂದ ಇದನ್ನೂ ಕಲಿ. ಮೊದಲು ಗಂಟು ಒಡೆಯೋದು ಹೇಗೆ ಅಂತ ನನ್ನ ಕೇಳು."