ಎಡ ಹರಳಿನ ಬಾಟಲಿ

ನನ್ನ ಬಾಟಲಿಗೆ ಕೈ ಹಾಕುತ್ತಿರುವವಳು ನಾದಿನಿಯೇ ಎಂದು ನನಗೆ ಮೊದಲ ದಿನವೇ ಅನುಮಾನ ಬಂದಿತ್ತು. ಈ ಔಷಧ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದಿಂದ ಹರಳು ಆರಿಸುತ್ತಿರುವವಳು ನಾನು. ನಮ್ಮ ಹರಳಿನಲ್ಲಿ ಎರಡು ಜಾತಿ, ಎಡಗೈ ಬಲಗೈ ಇದ್ದಂತೆ. ಒಂದರ ಮೂಲೆ ಎಡಕ್ಕೆ ಓರೆ, ಇನ್ನೊಂದರದು ಬಲಕ್ಕೆ. ಎಡದ್ದು ಮದ್ದು, ಬಲದ್ದು ವಿಷ. ಭೂತಗನ್ನಡಿಯಲ್ಲಿ ನೋಡಿ, ಚಿಮುಟದಿಂದ ಒಂದೊಂದೇ ಎತ್ತಿ, ಬೇರೆ ಬೇರೆ ಬಾಟಲಿಗೆ ಹಾಕಬೇಕು. ಒಂದು ಬಾಟಲಿ ತುಂಬಲು ಎರಡು ವಾರ ಬೇಕು.

ಸಂಜೆ ಎಡದ ಬಾಟಲಿಯಿಂದ ಒಂದು ಚಿಟಿಕೆ ತೆಗೆದು ನೀರಿನಲ್ಲಿ ಕರಗಿಸಿ ಬೆಳಕು ಹಾಯಿಸಿದರೆ ಮೀಟರಿನ ಮುಳ್ಳು ಎಡಕ್ಕೆ ತಿರುಗಬೇಕು. ಈ ವಾರ ಅದು ದಿನದಿಂದ ದಿನಕ್ಕೆ ಕಡಿಮೆ ತಿರುಗಿತು. ಯಾರೋ ಬಲದ್ದನ್ನು ಬೆರೆಸುತ್ತಿದ್ದಾರೆ!

"ಹೀಗೇ ಆದ್ರೆ ನಿಮ್ಮನ್ನ ಇಟ್ಕೊಳ್ಳೋಕಾಗಲ್ಲಮ್ಮ" ಎಂದರು ಮೇಲಧಿಕಾರಿ.

ಪಕ್ಕದ ಮೇಜಿನವಳು ಗಂಡನ ತಂಗಿ. ಅವರಿವರ ಕೈಕಾಲು ಹಿಡಿದು ಅವಳನ್ನು ಕೆಲಸಕ್ಕೆ ಸೇರಿಸಿದ್ದೇ ನಾನು. ಈಗ ನನ್ನ ಕುರ್ಚಿಯ ಮೇಲೇ ಕಣ್ಣು. ಇಲ್ಲದಿದ್ದರೆ ಹೋದ ವಾರದ ಕೊನೆಗೆ ಅಷ್ಟೊಂದು ಬೆಣ್ಣೆ ಹಚ್ಚಿದ್ದೇಕೆ? "ಅತ್ತಿಗೆ, ಬಗ್ಗಿ ಬಗ್ಗಿ ನಿಮ್ಮ ಕತ್ತು ಬಿದ್ದೋಗಿದೆ. ನೋಡಿ, ಭೂತಗನ್ನಡಿ ಮೇಲೆ ಓರೆಯಾಗಿ ಒಂದು ಕನ್ನಡಿ ಕೂರಿಸಿದೀನಿ. ಇನ್ನು ನೆಟ್ಟಗೆ ಕೂತೇ ಆರಿಸ್ಬಹುದು."

ನೋವೇನೋ ಹೋಯಿತು. ಆದರೆ ಇಷ್ಟು ನಯದ ಮಾತು ನನಗೆ ಆಗಿಬರುವುದಿಲ್ಲ. ರಾತ್ರಿ ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಹಗಲು ಊಟಕ್ಕೂ ಏಳಲಿಲ್ಲ.

"ನನ್ನ ಮೇಲೆ ಅನುಮಾನಾನಾ ಅತ್ತಿಗೆ?"

"ಇನ್ಯಾರ ಮೇಲೆ, ಗೋಡೆ ಮೇಲಾ?"

ಅಂದು ಮುಳ್ಳು ಸೊನ್ನೆಗೆ ಇಳಿಯಿತು. ಸಿಟ್ಟಿನಲ್ಲಿ ಹೋಗಿ ದೂರು ಕೊಟ್ಟೆ. ಅವಳನ್ನು ಕೆಲಸದಿಂದ ತೆಗೆದರು. ಪೀಡೆ ತೊಲಗಿತು ಎಂದುಕೊಂಡೆ.

ಮರುದಿನ ಹೊಸ ಬಾಟಲಿ ಇಟ್ಟು, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಕೂತೆ. ಸಂಜೆ ನೋಡಿದರೆ ಮುಳ್ಳು ಸೊನ್ನೆಯನ್ನೂ ದಾಟಿ ಪೂರ್ತಿ ಬಲಕ್ಕೆ ತಿರುಗಿ ನಿಂತಿದೆ. ಎಡದ ಬಾಟಲಿಯಲ್ಲಿ ಎಡದ ಹರಳು ಒಂದೂ ಇಲ್ಲ. ಇಡೀ ದಿನ ಕೋಣೆಯಲ್ಲಿದ್ದವಳು ನಾನೊಬ್ಬಳೇ.

ಈ ವಾರ ನನ್ನ ಮೇಜಿಗೆ ಹೊಸದಾಗಿ ಬಂದದ್ದು ಒಂದೇ. ಮೇಜಿಗೆ ಓಡಿ ಭೂತಗನ್ನಡಿ ಸರಿಸಿ, ಆ ಓರೆ ಕನ್ನಡಿಯ ಕೆಳಗೆ ಬಲಗೈ ಚಾಚಿದೆ. ಕನ್ನಡಿಯಲ್ಲಿ ಕಂಡದ್ದು ಎಡಗೈ. ಅಯ್ಯೋ, ನನ್ನ ಬುದ್ಧಿಗೆ ಬೆಂಕಿ ಬೀಳ! ವಾರವಿಡೀ ಬಲದ್ದನ್ನೇ ಎಡದ್ದೆಂದು ತುಂಬಿಸಿದವಳು ನಾನೇ. ಹಳೆಯ ಬಾಟಲಿಯಲ್ಲಿ ಮೊದಲಿನ ಎಡದ್ದೂ ಇದ್ದುದರಿಂದ ಮುಳ್ಳು ಮೆಲ್ಲಗೆ ಇಳಿದಿತ್ತು, ಅಷ್ಟೇ. ಕನ್ನಡಿ ಎಡಬಲ ಅದಲುಬದಲು ಮಾಡುತ್ತದೆಂಬುದು ಅವಳಿಗೂ ಹೊಳೆದಿರಲಿಲ್ಲ.

ಕನ್ನಡಿ ಬಿಚ್ಚಿಕೊಂಡು ಹೋಗಿ ಮೇಲಧಿಕಾರಿಗೆ ಎಲ್ಲವನ್ನೂ ಹೇಳಿದೆ. ಅಲ್ಲಿಂದ ನೆಟ್ಟಗೆ ನಾದಿನಿಯ ಮನೆಗೆ ನಡೆದೆ. ಬಾಗಿಲು ತೆರೆದವಳ ಮುಖ ನೋಡಲಾಗದೆ, ನಾಚಿಕೆಯಿಂದ ತಲೆ ತಗ್ಗಿಸಿ ನಿಂತೆ.

ಅವಳು ನನ್ನ ಕೈಯಲ್ಲಿದ್ದ ಕನ್ನಡಿ ನೋಡಿದಳು. "ಯಾಕತ್ತಿಗೆ ಬಿಚ್ಬಿಟ್ರಿ? ಮತ್ತೆ ಕತ್ತು ನೋವು ಶುರುವಾಗುತ್ತಲ್ಲ" ಎಂದಳು.