ಸ್ಲೇಟಿನೊಳಗಿನ ಹುಡುಗಿ

ಮಗಳು ಆ ಟ್ಯಾಬ್ಲೆಟ್ಟನ್ನು ಡಬ್ಬಿಯಿಂದ ತೆಗೆದು ನನ್ನ ಮಡಿಲಲ್ಲಿಟ್ಟಾಗ ಮೊದಲು ಅನ್ನಿಸಿದ್ದು, ಇಷ್ಟೇನಾ ಎಂದು. ನಾನು ಡಿಪೋದ ಈ ಗೇಟಿನಲ್ಲಿ ನಿಂತು ಕೂಗಿದರೆ ಆ ಗೇಟಿನಲ್ಲಿ ಟೀ ಕುಡಿಯುತ್ತಿದ್ದವನು ಲೋಟ ಇಟ್ಟು ಓಡಿಬರುತ್ತಿದ್ದ. ಅಲ್ಲಿ ನನ್ನ ಹೆಸರೇ ಮೈಕಮ್ಮ. ಬಸ್ ಕಂಡಕ್ಟರಾಗಿ ಗಂಟಲು ಹರಿದುಕೊಂಡೇ ಸಂಸಾರ ಸಾಕಿದವಳು ನಾನು. ಅದೇ ಗಂಟಲಿನಲ್ಲಿ ಗಡ್ಡೆ ಬೆಳೆಯಿತು, ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಕುತ್ತಿಗೆಯಲ್ಲೊಂದು ತೂತು, ಉಸಿರಾಟವೆಲ್ಲ ಅದರಿಂದಲೇ. ಹೋದ ಧ್ವನಿಗೆ ಬದಲಾಗಿ ಬಂದದ್ದು ಅಂಗೈಗಿಂತ ತುಸು ದೊಡ್ಡದಾದ ಒಂದು ಕಪ್ಪು ಪ್ಲಾಸ್ಟಿಕ್ ಹಲಗೆ.

"ಇದ್ರಲ್ಲಿ ಟೈಪ್ ಮಾಡಮ್ಮ, ಅದೇ ಓದಿ ಹೇಳತ್ತೆ," ಎಂದಳು ಮಗಳು. "ಕಮ್ಮಿ ರೇಟಿಂದು, ಸ್ವಲ್ಪ ನಿಧಾನ. ಸಮಾಧಾನ ಇರಬೇಕು ಅಷ್ಟೆ."

ಸಮಾಧಾನ! ನನಗೆ! ಪಕ್ಕದಲ್ಲಿ ಕೂತಿದ್ದ ಅವಳಪ್ಪ ಕಿಸಕ್ಕನೆ ನಕ್ಕರು.

ಅದು ಬೇಕಾಗಿದ್ದದ್ದು ಒಂದೇ ಕಾರಣಕ್ಕೆ. ಡಿಪೋ ಮ್ಯಾನೇಜರ್ ಹೇಳಿಕಳಿಸಿದ್ದರು. ಬಸ್ಸಿನ ಕೆಲಸ ಇನ್ನು ಸಾಧ್ಯವಿಲ್ಲ, ಪಾಸ್ ಕೌಂಟರಿನಲ್ಲಿ ಒಂದು ಜಾಗ ಖಾಲಿಯಿದೆ, ಜನರ ಪ್ರಶ್ನೆಗೆ ಹೇಗೋ ಉತ್ತರ ಕೊಡಬಲ್ಲೆನೆಂದು ಬಂದು ತೋರಿಸಿದರೆ ಆ ಕುರ್ಚಿ ನನ್ನದು. ಚೀಟಿಯಲ್ಲಿ ಬರೆದು ತೋರಿಸುತ್ತೇನೆಂದರೆ, ಕ್ಯೂನಲ್ಲಿ ನಿಂತವರಿಗೆ ಓದುವ ತಾಳ್ಮೆ ಎಲ್ಲಿರುತ್ತದೆ ಎಂದರಂತೆ. ಕುರ್ಚಿ ಸಿಗದಿದ್ದರೆ ಮನೆಯಲ್ಲಿ ಕೂರಬೇಕು. ಮನೆಯೆಂದರೆ ನನಗೆ ಡ್ಯೂಟಿ ಮುಗಿಸಿ ಬಂದು ಮಲಗುವ ಜಾಗ. ಅಲ್ಲಿ ಹಗಲೆಲ್ಲ ಏನು ಮಾಡುತ್ತಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಸರಿ, ಸ್ಲೇಟಿನ ಸಹವಾಸ ಶುರುವಾಯಿತು. ಸ್ಲೇಟು ಎಂದು ಹೆಸರಿಟ್ಟವರು ನಮ್ಮ ಯಜಮಾನರು. ಬಿಸಿಲಿಗೆ ಹಿಡಿದರೆ ಅದರಲ್ಲಿ ಅಕ್ಷರ ಕಾಣುವುದಿಲ್ಲ, ನನ್ನ ಮುಖ ಕಾಣುತ್ತದೆ. ಬೆಳಿಗ್ಗೆ ಚಾರ್ಜಿಗೆ ಹಾಕಿದರೆ ಸಂಜೆಯವರೆಗೂ ಕುಡಿಯುತ್ತಲೇ ಇರುತ್ತದೆ, ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಹಸಿವು ಅನ್ನುತ್ತದೆ. ಸ್ಪೀಕರಿರುವುದು ಒಂದೇ ಮೂಲೆಯಲ್ಲಿ, ಅದೂ ಸರಿಯಾಗಿ ನಾವು ಕೈಯಿಟ್ಟು ಹಿಡಿಯುವ ಕಡೆ. ಒಂದು ಅಕ್ಷರ ಒತ್ತಿದರೆ ಬರುವುದಿಲ್ಲ, ಮತ್ತೆ ಒತ್ತಿದರೆ ಎರಡು ಬರುತ್ತವೆ. ಮಾತಿನ ಮಧ್ಯೆ ಯಾವುದೋ ಸೋಪಿನ ಜಾಹೀರಾತು ನುಗ್ಗಿ ಹಲ್ಲು ಕಿರಿಯುತ್ತದೆ. ಎಲ್ಲಕ್ಕಿಂತ ಮೈ ಉರಿಯುವುದು ಅದರ ಅಧಿಕಪ್ರಸಂಗ. ನಾನು 'ನಾನು' ಎಂದು ಒತ್ತಿದರೆ ಸಾಕು, ಮುಂದಿನ ಪದ 'ಚೆನ್ನಾಗಿದ್ದೇನೆ' ಎಂದು ತಾನೇ ತೋರಿಸುತ್ತದೆ. ಕೇಳಿದವರು ಯಾರು?

ಇನ್ನು ಧ್ವನಿ. ಒಳಗೆ ಕೂತಿರುವವಳು ಒಬ್ಬ ಎಳೆ ಹುಡುಗಿ. ಜೀವನದಲ್ಲಿ ಒಮ್ಮೆಯೂ ಯಾರ ಮೇಲೂ ರೇಗದವಳು, ಚಿಲ್ಲರೆಗಾಗಿ ಯಾರ ಜೊತೆಗೂ ಕಾದಾಡದವಳು. ನಾನು ಮೊದಲ ದಿನ ಅಭ್ಯಾಸಬಲದಿಂದ "ರೀ, ನೀರು ಕೊಡಿ" ಎಂದು ಒತ್ತಿದೆ. ಆ ಹುಡುಗಿ "ರೀ" ಎಂದು ರಾಗವಾಗಿ ಕರೆದಳು. ಇವರು ಅಡುಗೆಮನೆಯಿಂದ ಎಂದೂ ಬರದಷ್ಟು ಬೇಗ ಬಂದರು, ಮುಖದ ತುಂಬ ನಗು. ನನ್ನ ಗಂಡನನ್ನು ಯಾವಳೋ ರೀ ಎಂದು ಕರೆದಳಲ್ಲ ಎಂದು ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಯಂತ್ರದ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ಎಂದು ಅಳುವೂ ಬಂತು. ಆಮೇಲೆ ಆ ಪದವನ್ನು ಅವಳ ಬಾಯಿಗೆ ಕೊಡಲಿಲ್ಲ.

ಎದುರುಮನೆಯವನು ನಮ್ಮ ಗೇಟಿಗೆ ಅಡ್ಡಲಾಗಿ ಸ್ಕೂಟರ್ ನಿಲ್ಲಿಸುವುದು ಹಳೇ ಚಾಳಿ. ಹಿಂದೆ ನಾನು ಕಿಟಕಿಯಿಂದ ಒಂದು ಸಲ ಕೆಮ್ಮಿದರೂ ತೆಗೆಯುತ್ತಿದ್ದ. ಈಗ ಸ್ಲೇಟನ್ನು ಹಿಡಿದುಕೊಂಡು ಹೋಗಿ, "ಕಣ್ಣು ಕಾಣಲ್ವೇನ್ರೀ, ಇದೇನು ನಿಮ್ಮಪ್ಪನ ಜಾಗಾನಾ" ಎಂದು ಹೇಳಿಸಿದೆ. ಆ ಹುಡುಗಿ ಅದನ್ನು ಸ್ವಾಗತ ಭಾಷಣದ ಹಾಗೆ ಹೇಳಿದಳು.

ಅವನು ಕಣ್ಣರಳಿಸಿದ. "ಅಯ್ಯೋ, ಎಷ್ಟು ಮುದ್ದಾಗಿ ಹೇಳತ್ತಕ್ಕಾ! ಇನ್ನೊಂದ್ಸಲ ಹೇಳ್ಸಿ, ನಮ್ಮನೆಯೋಳನ್ನ ಕರೀತೀನಿ."

ಸ್ಕೂಟರ್ ಅಲ್ಲೇ ಇತ್ತು.

ನಮ್ಮ ಯಜಮಾನರ ಬಗ್ಗೆ ಹೇಳಬೇಕು. ಅವರು ಡ್ರೈವರ್, ಈಗ ನಿವೃತ್ತರು. ಒಂದೇ ಬಸ್ಸಿನಲ್ಲಿ ಡ್ಯೂಟಿ ಬಿದ್ದು ಪರಿಚಯವಾಗಿ ಮದುವೆಯಾದವರು ನಾವು. ಮನೆಯಲ್ಲೂ ಅವರಿಗೆ ನಾನು ಕಂಡಕ್ಟ್ರೇ, ರೇಗಿಸಬೇಕೆನಿಸಿದಾಗ ನನಗೆ ಅವರು ಡ್ರೈವರ್ರೇ. ಬಸ್ಸಿನಲ್ಲಿ ನನಗೆ ಕಾಣುತ್ತಿದ್ದದ್ದು ಅವರ ಬೆನ್ನು, ಅವರಿಗೆ ಕೇಳುತ್ತಿದ್ದದ್ದು ನನ್ನ ಧ್ವನಿ. ಗಲಾಟೆಯಲ್ಲಿ ಕೂಗೂ ಸೀಟಿಯೂ ಮುಳುಗಿಹೋದರೆ ಬಸ್ಸಿನ ತಗಡಿಗೆ ಅಂಗೈಯಿಂದ ಬಡಿಯುತ್ತಿದ್ದೆ. ಒಂದು ಏಟು ಎಂದರೆ ನಿಲ್ಲಿಸು, ಎರಡು ಏಟು ಎಂದರೆ ಹೊರಡು. ಒಂದು ಏಟು ಬಿತ್ತೋ, ಇವರ ಬಲಗಾಲು ಬ್ರೇಕಿನ ಮೇಲೆ. ಯಾಕೆ ಏನು ಎಂದು ಒಮ್ಮೆಯೂ ತಿರುಗಿ ಕೇಳಿದವರಲ್ಲ. ಗಂಡಸರಲ್ಲಿ ಇಂಥವರು ಅಪರೂಪ ಎಂದು ನಾನು ಜಂಬ ಪಟ್ಟುಕೊಂಡದ್ದುಂಟು.

ನನ್ನ ಬಾಯಿಗೆ ಬೀಗ ಬಿದ್ದ ಮೇಲೆ ಅವರಿಗೆ ಬಾಯಿ ಬಂತು. ಮೊದಮೊದಲು ಒಳ್ಳೆಯದೇ ಆಯಿತು ಅನ್ನಿಸಿತು, ಆಸ್ಪತ್ರೆಯಲ್ಲಿ ನನ್ನ ಪರವಾಗಿ ಯಾರಾದರೂ ಮಾತಾಡಬೇಕಿತ್ತಲ್ಲ. "ಇವಳು ಹೇಳೋದು ಏನಂದ್ರೆ" ಎಂದು ಶುರು ಮಾಡುತ್ತಿದ್ದರು. ಅದು ನಾಲಿಗೆಗೆ ರುಚಿ ಹತ್ತಿತು. ತರಕಾರಿಯವನ ಹತ್ತಿರ, ನೆಂಟರ ಹತ್ತಿರ, ಮಗಳ ಹತ್ತಿರವೂ ಇವಳು ಹೇಳೋದು ಏನಂದ್ರೆ. ನಾನು ಸ್ಲೇಟಿನ ಮೇಲೆ ಬಗ್ಗಿ ಅಕ್ಷರ ಹುಡುಕುವಷ್ಟರಲ್ಲಿ ನನಗೆ ಬದನೆಕಾಯಿ ಇಷ್ಟವಿಲ್ಲ, ನನಗೆ ಮದುವೆಮನೆಗೆ ಬರಲು ಮನಸ್ಸಿಲ್ಲ ಎಂದೆಲ್ಲ ತೀರ್ಮಾನವಾಗಿರುತ್ತಿತ್ತು. ಮನಸ್ಸಿಲ್ಲದವರು ಅವರು. ಸ್ಲೇಟಿಗಿಂತ ಇವರು ಬೇಗ, ಅಷ್ಟೇ ವ್ಯತ್ಯಾಸ.

ಮ್ಯಾನೇಜರ್ ಕರೆದ ದಿನ ಬಂತು. ನಾನು ವಾರವಿಡೀ ಕೂತು ಮಾತುಗಳನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ. ಪಾಸಿಗೆ ಏನೇನು ತರಬೇಕು, ಫೋಟೋ ಎಲ್ಲಿ ಅಂಟಿಸಬೇಕು, ಊಟದ ವೇಳೆ ಯಾವಾಗ ಎಲ್ಲ ಒಂದು ಬೆರಳೊತ್ತಿದರೆ ಬರುವ ಹಾಗೆ. ಇವರೂ ಜೊತೆಗೆ ಹೊರಟರು. ಬೇಡವೆನ್ನಲು ಸ್ಲೇಟು ತೆರೆಯುವಷ್ಟರಲ್ಲಿ ಚಪ್ಪಲಿ ಹಾಕಿ ಆಗಿತ್ತು.

ಮ್ಯಾನೇಜರ್ ಒಳ್ಳೆಯ ಮನುಷ್ಯ. ಅವರ ಮೇಜಿನ ಮೇಲ್ಭಾಗ ಬರೀ ಗಾಜು, ಅದರಡಿಯಲ್ಲಿ ಮರವಿಲ್ಲ, ಎದುರು ಕೂತವರ ಮೊಣಕಾಲು ಪಾದ ಎಲ್ಲ ಕಾಣುತ್ತಿತ್ತು. ಹುಡುಗಿ "ನಮಸ್ಕಾರ ಸರ್" ಎಂದಳು. ಪಾಸಿನ ವಿವರವನ್ನೆಲ್ಲ ಗಿಳಿಪಾಠದ ಹಾಗೆ ಒಪ್ಪಿಸಿದಳು. ಮ್ಯಾನೇಜರಿಗೆ ಖುಷಿಯೋ ಖುಷಿ, ಪಕ್ಕದ ಕೋಣೆಯ ಗುಮಾಸ್ತನನ್ನೂ ಕರೆದು ಕೇಳಿಸಿದರು. ನನಗೆ ಜೀವ ಬಂತು.

"ಸರಿ ಮೈಕಮ್ಮ, ಯಾರಾದ್ರೂ ಜಗಳಕ್ಕೆ ಬಂದ್ರೆ ಏನ್ಮಾಡ್ತೀರಿ?" ಎಂದರು.

ಅದನ್ನು ನಾನು ಬರೆದಿಟ್ಟುಕೊಂಡಿರಲಿಲ್ಲ. ಜಗಳಕ್ಕೂ ಮೊದಲೇ ಬರೆದಿಟ್ಟುಕೊಳ್ಳಬೇಕೆಂದು ನನಗೆ ಹೊಳೆಯುವುದಾದರೂ ಹೇಗೆ? ಬೇಗಬೇಗ ಒತ್ತಿದೆ. 'ಜಗಳ ನನಗೆ ಹೊಸದಲ್ಲ ಸರ್. ನನ್ನನ್ನು ಒಂದು ದಿನ ಕೂರಿಸಿ ನೋಡಿ.' ಹೇಳು ಎಂದು ಗುಂಡಿ ಒತ್ತಿದೆ. ತೆರೆ ಬೆಳ್ಳಗಾಯಿತು. ನಡುವೆ ಒಂದು ಸಣ್ಣ ಚಕ್ರ ತಿರುಗತೊಡಗಿತು. ಮತ್ತೆ ಒತ್ತಿದೆ, ಕುಟ್ಟಿದೆ. ಚಕ್ರ ತಿರುಗುತ್ತಲೇ ಇತ್ತು. ಮ್ಯಾನೇಜರ್ ಗೋಡೆಯ ಗಡಿಯಾರ ನೋಡಿದರು, ಗುಮಾಸ್ತ ನೆಲ ನೋಡಿದ. ಕೊನೆಗೆ ಎಲ್ಲರೂ ಮಾಡುವುದನ್ನೇ ಮ್ಯಾನೇಜರೂ ಮಾಡಿದರು. ನಮ್ಮ ಯಜಮಾನರ ಕಡೆ ತಿರುಗಿ, "ಏನಂತಾರೆ ಇವ್ರು?" ಎಂದರು.

"ಇವಳು ಹೇಳೋದು ಏನಂದ್ರೆ ಸರ್," ಎಂದು ಇವರು ಗಂಟಲು ಸರಿಮಾಡಿಕೊಂಡರು, "ಆಗಲ್ಲ ಅಂತ. ಮೊದಲಿನ ಹಾಗೆ ಶಕ್ತಿ ಇಲ್ಲ. ಮನೇಲೇ ಇದ್ದುಬಿಡ್ತೀನಿ ಅಂತ."

ನಾನು ಗಾಜಿನ ಮೇಲೆ ಅಂಗೈಯಿಂದ ಬಡಿದೆ. ಒಂದು ಏಟು.

ಪೆನ್ನಿನ ಸ್ಟ್ಯಾಂಡು ಅಲುಗಿತು. ಗಾಜಿನಡಿಯಲ್ಲಿ ಇವರ ಬಲಗಾಲು ತಟ್ಟನೆ ಮುಂದೆ ಹೋಗಿ ನೆಲವನ್ನು ಒತ್ತಿತು. ನಾನು ನನ್ನ ಕಣ್ಣಾರೆ ನೋಡಿದೆ. ಕಾಲು ಬ್ರೇಕ್ ಒತ್ತಿತು, ಬಾಯಿ ನಿಲ್ಲಲಿಲ್ಲ.

"ನೋಡಿ ಸರ್, ಹೀಗೇ. ಸುಸ್ತಾದ್ರೆ ಸಿಟ್ಟು ಬರತ್ತೆ ಇವಳಿಗೆ."

ನಾನು ಪೆನ್ನಿಗೆ ಕೈ ಚಾಚಿದೆ. ಇವರು ಆ ಕೈಯನ್ನು ಹಿಡಿದುಕೊಂಡು ಸಮಾಧಾನ ಮಾಡುವವರ ಹಾಗೆ ತಟ್ಟಿದರು. ಕೊಸರಿಕೊಂಡೆ. ಹೆಂಗಸೊಬ್ಬಳು ಮಾತಿಲ್ಲದೆ ಕೊಸರಾಡುವುದನ್ನು ನೋಡಿದರೆ ಎಂಥವರಿಗೂ ಗಂಡ ಹೇಳಿದ್ದೇ ನಿಜ ಅನ್ನಿಸುತ್ತದೆ. ಮ್ಯಾನೇಜರ್ ಮುಖ ಬಾಡಿತು. "ಪಾಪ, ಬೇಡ ಬಿಡಿ ಮೈಕಮ್ಮ. ಆರೋಗ್ಯ ನೋಡ್ಕೊಳ್ಳಿ. ಸಂಜೆ ಒಳಗೆ ಈ ಜಾಗಕ್ಕೆ ಬೇರೆಯವರ ಹೆಸರು ಕಳಿಸ್ತೀನಿ," ಎಂದು ಎದ್ದು ನಿಂತು ಕೈಮುಗಿದರು. ಅಷ್ಟರಲ್ಲೇ ಯಾರೋ ಫೈಲು ಹಿಡಿದು ಒಳಗೆ ಬಂದರು. ನಾನು ಬಾಗಿಲಾಚೆ ಇದ್ದೆ.

ಮನೆಯ ಕಡೆಯ ಬಸ್ ಹತ್ತಿದೆವು. ಇವರು ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು. ಉಪಕಾರ! ಬಸ್ ತುಂಬಿತ್ತು. ಸ್ವಲ್ಪ ದೂರ ಹೋಗಿತ್ತೋ ಇಲ್ಲವೋ, ಮಡಿಲಲ್ಲಿದ್ದ ಸ್ಲೇಟಿಗೆ ಜ್ಞಾನೋದಯವಾಗಿ, ಆ ಹುಡುಗಿ ಗಟ್ಟಿಯಾಗಿ ಹೇಳಿದಳು. "ಜಗಳ ನನಗೆ ಹೊಸದಲ್ಲ ಸರ್. ನನ್ನನ್ನು ಒಂದು ದಿನ ಕೂರಿಸಿ ನೋಡಿ."

"ಯಾರಮ್ಮಾ ಅದು? ಸೀಟು ಬಿಟ್ಕೊಡ್ರಪ್ಪ ಪಾಪ," ಎಂದ ನಿಂತಿದ್ದವನೊಬ್ಬ. ಸುತ್ತಲಿನವರೆಲ್ಲ ನಕ್ಕರು. ಇವರು ಮಾತ್ರ ನಗಲಿಲ್ಲ.

ನಾನು ಒತ್ತಿದೆ. ಈ ಸಲ ಸ್ಲೇಟು ಎಲ್ಲೂ ತಡೆಯಲಿಲ್ಲ. "ಡ್ರೈವರ್ರೇ, ಒಂದು ಏಟು ಬಡಿದದ್ದು ಕೇಳಿಸಲಿಲ್ಲವೇ?"

ಇವರು ಎದುರು ಸೀಟಿನ ಬೆನ್ನಿಗೆ ಕಣ್ಣು ನೆಟ್ಟರು. ಇಲ್ಲ ಅನ್ನಲಿ, ಸುಳ್ಳಾದರೂ ಸರಿ ಇಲ್ಲ ಅನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಕೇಳಿಸ್ತು ಕಣೇ," ಎಂದರು. ಆಮೇಲೆ ದನಿ ತಗ್ಗಿಸಿ, "ಆ ಕೌಂಟರಿನ ಕಿಟಕೀಲಿ ಕೂತು ಆ ಗೊಂಬೆ ಧ್ವನೀಲಿ ಮಾತಾಡಿದ್ರೆ ಡಿಪೋದಲ್ಲಿ ಎಲ್ರೂ ನಗಲ್ವಾ? ನಂಗೂ ಅಲ್ಲಿ ಒಂದು ಮರ್ಯಾದೆ ಇತ್ತು. ಈಗ ನೋಡು, ಇಲ್ಲೇ ನಗ್ತಿದಾರೆ."

ಧ್ವನಿ ಹೋದ ದಿನ ನಾನು ಇಷ್ಟು ಒಂಟಿಯಾಗಿರಲಿಲ್ಲ. ಅಂದು ಧ್ವನಿ ಹೋಗಿತ್ತು, ಕೇಳುವ ಒಂದು ಕಿವಿ ಇದೆ ಎಂದುಕೊಂಡಿದ್ದೆ.

ಸ್ಲೇಟನ್ನು ಚೀಲಕ್ಕೆ ಹಾಕಿಕೊಂಡೆ. ಕೆಟ್ಟದೋ ಒಳ್ಳೆಯದೋ, ಅದು ನನ್ನದು. ಎದ್ದು ಇವರ ಮೊಣಕಾಲು ದಾಟಿ ಜನರ ಮಧ್ಯೆ ನುಗ್ಗಿ ಬಾಗಿಲ ಹತ್ತಿರ ಬಂದೆ.

"ಸ್ಟಾಪ್ ಇಲ್ಲಮ್ಮ ಇಲ್ಲಿ," ಎಂದಳು ಕಂಡಕ್ಟರ್ ಹುಡುಗಿ.

ಬಾಗಿಲ ಪಕ್ಕದ ತಗಡಿಗೆ ಅಂಗೈಯಿಂದ ಬಡಿದೆ. ಒಂದು ಏಟು.

ಬಸ್ ನಿಂತಿತು. ಡ್ರೈವರ್ ಯಾರೋ ಹೊಸಬ, ಅವನ ಮುಖವನ್ನೂ ನಾನು ನೋಡಿರಲಿಲ್ಲ. ಯಾಕೆ ಏನು ಎಂದು ಅವನು ತಿರುಗಿ ಕೇಳಲಿಲ್ಲ.

ಇಳಿದೆ. ಡಿಪೋದ ನೀರಿನ ಟ್ಯಾಂಕು ಅಲ್ಲಿಂದ ಇನ್ನೂ ಕಾಣುತ್ತಿತ್ತು, ಮ್ಯಾನೇಜರ್ ಹೇಳಿದ ಸಂಜೆಗೆ ಸಮಯವಿತ್ತು. ಒಳಗೆ ಇವರು ಅರ್ಧ ಎದ್ದು, "ಏಯ್ ಕಂಡಕ್ಟ್ರೇ, ಎಲ್ಲಿಗೆ? ತಾಳು, ನಾನೂ ಬರ್ತೀನಿ," ಎನ್ನುತ್ತ ಜನರನ್ನು ಸರಿಸುತ್ತಿದ್ದರು.

ನಾನು ಹೊರಗಿನಿಂದ ಬಸ್ಸಿನ ಮೈಗೆ ಬಡಿದೆ. ಎರಡು ಏಟು.

ಬಸ್ ಅವರನ್ನು ಕರೆದುಕೊಂಡು ಹೊರಟಿತು.